ಮದುವೆಯ ದಿನ ತೆರೆಯದ ಟಾಪ್

ಗಾಡಿ ನನ್ನ ಅಂಗಡಿಗೆ ಬಂದಾಗ ಅದರ ಟಾಪ್ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ನನಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

ನಿಪ್ಪಾಣಿಯಲ್ಲಿ ಹೆದ್ದಾರಿಗೆ ಹತ್ತಿಕೊಂಡು ನನ್ನದೊಂದು ಗಾಡಿ ವೈರಿಂಗ್ ಅಂಗಡಿ. ಪೂರ್ತಿ ಕೆಟ್ಟ ಗಾಡಿ ಬಂದರೆ ನನಗೆ ಖುಷಿ. ಕೆಟ್ಟದ್ದು ಕಾಣುತ್ತದೆ, ಮೀಟರು ಹಿಡಿದು ಬೆನ್ನು ಹತ್ತಬಹುದು. ಕೆಟ್ಟಿದೆ ಎಂದು ಹೇಳಿಕೊಂಡು ಬಂದು ನನ್ನ ಮುಂದೆ ನೆಟ್ಟಗೆ ನಡೆಯುವ ಗಾಡಿ ಕಂಡರೆ ಮಾತ್ರ ಮೈ ಉರಿಯುತ್ತದೆ. ಅಂಥದರಲ್ಲಿ ಒಂದೋ ಗಾಡಿ ಸುಳ್ಳು ಹೇಳುತ್ತಿರುತ್ತದೆ, ಇಲ್ಲವೇ ತಂದವನು.

ತಂದವರು ಇಬ್ಬರು. ಒಬ್ಬ ಏಕಸಂಬಿಯ ಸಾಹುಕಾರ. ಮದುವೆಗೆ ಮಂಟಪ, ಬ್ಯಾಂಡು, ಲೈಟು ಎಲ್ಲ ಬಾಡಿಗೆಗೆ ಕೊಡುವ ಮನುಷ್ಯ. ಚಿಕ್ಕೋಡಿಯಿಂದ ಅಥಣಿಯ ತನಕ ಯಾರ ಮನೆಯಲ್ಲಿ ಮದುವೆಯಾದರೂ ಅವನ ಲಾರಿ ಒಮ್ಮೆ ಬಂದು ಹೋಗಿರುತ್ತದೆ. ದೀಪಾವಳಿಗೆ ಪುಣೆಯಿಂದ ಒಂದು ಹಳೆಯ ಫಾರೀನ್ ಗಾಡಿ ಕೊಂಡು ತಂದಿದ್ದ. ಎರಡೇ ಬಾಗಿಲು, ಬಟ್ಟೆಯ ಟಾಪು. ಬಟನ್ ಒತ್ತಿದರೆ ಟಾಪ್ ತಾನೇ ಮಡಚಿಕೊಂಡು ಹಿಂದೆ ಹೋಗಿ ಅಡಗುತ್ತದೆ. ಮದುಮಕ್ಕಳನ್ನು ಹಿಂದೆ ಎತ್ತರಕ್ಕೆ ಕೂರಿಸಿ ಮೆರವಣಿಗೆ ಮಾಡಿದರೆ ಊರಿಗೆ ಊರೇ ನೋಡುತ್ತದೆ. ಇನ್ನೊಬ್ಬ ಅವನ ಡ್ರೈವರ್. ಐವತ್ತು ದಾಟಿದ ಆಳು, ಅಲಖನೂರಿನ ಕಡೆಯ ಕುರಿ ಕಾಯುವ ಮನೆತನದವನು. ಸಾಹುಕಾರ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದಿಂದ ಆ ಮನೆಯ ಸ್ಟೀರಿಂಗ್ ಹಿಡಿದವನು, ಅವರ ಹಿತ್ತಲಿನ ಖೋಲಿಯಲ್ಲೇ ಇರುವವನು. ಸಾಹುಕಾರ ಅವನನ್ನು ಕರೆಯುತ್ತಿದ್ದದ್ದು ಕಾಕಾ, ಅಂದರೆ ಚಿಕ್ಕಪ್ಪ, ಎಂದು.

"ಕಾಕಾ, ನೀ ಹೊರಗ ನಿಂದ್ರು," ಎಂದ ಸಾಹುಕಾರ. ಡ್ರೈವರ್ ಹೋಗಿ ಬೇವಿನ ಮರದ ಬುಡದಲ್ಲಿ ನಿಂತ. ಆಮೇಲೆ ಸಾಹುಕಾರ ದನಿ ಇಳಿಸಿ ಹೇಳಿದ:

"ಮಿಸ್ತ್ರಿ, ಇದು ಮದುವಿ ದಿನಾನ ಕೆಡತೈತಿ ನೋಡ್ರಿ. ಬರೇ ಮದುವಿ ದಿನ. ಉಳದ ದಿನ ನಿಮ್ಮ ಮುಂದ ಹೆಂಗ ಶಾಣ್ಯಾ ಆಗಿ ನಿಂತೈತಿ, ಹಂಗ. ಇದು ವಾಯರಿಂದೋ, ಮನಷ್ಯಾಂದೋ?"

ಮೊದಲ ಸಲ ಕೆಟ್ಟದ್ದು ಅಲಖನೂರಿನಲ್ಲಿ. ಮದುಮಗ ಬಾಸಿಂಗ ಕಟ್ಟಿಕೊಂಡು ನಿಂತಿದ್ದಾನೆ, ಬ್ಯಾಂಡು ಶುರುವಾಗಿದೆ, ಡ್ರೈವರ್ ಬಟನ್ ಒತ್ತಿದ್ದಾನೆ. ಹಿಂದಿನ ಮುಚ್ಚಳ ಎದ್ದು ನಿಂತಿತು. ಅಷ್ಟೇ. ಟಾಪ್ ಅಲ್ಲಾಡಲಿಲ್ಲ, ಎದ್ದ ಮುಚ್ಚಳ ಇಳಿಯಲೂ ಇಲ್ಲ. ಮಂದಿ ಮೊಬೈಲ್ ತೆಗೆದರು, ಸೀಟಿ ಹೊಡೆದರು. ಮದುಮಗ ಕಡೆಗೆ ಯಾರದೋ ಜೀಪು ಹತ್ತಿದ. ಸಂಜೆ ಹೊತ್ತಿಗೆ ಟಾಪ್ ತಾನಾಗಿಯೇ ಸರಿಹೋಯಿತು. ಆಮೇಲೆ ರಾಯಬಾಗದಲ್ಲೂ ಹೀಗೇ, ಕಾಗವಾಡದಲ್ಲೂ ಹೀಗೇ. ಕೊಲ್ಲಾಪುರಕ್ಕೆ ಒಯ್ದರೆ ಅಲ್ಲಿನವರು ಕಂಪ್ಯೂಟರ್ ಹಚ್ಚಿ ನೋಡಿ, ಕಂಟ್ರೋಲ್ ಬಾಕ್ಸ್ ಹೋಗಿದೆ, ಪೂರಾ ಬದಲಿಸಬೇಕು ಎಂದಿದ್ದರಂತೆ.

"ಯಾರ ಮ್ಯಾಲ ಅನುಮಾನ ನಿಮಗ?" ಎಂದೆ.

ಸಾಹುಕಾರ ಬೇವಿನ ಮರದ ಕಡೆ ನೋಡಿದ. ಉಗಾರ ಬುದ್ರುಕದಲ್ಲಿ ಇನ್ನೊಬ್ಬ ಬ್ಯಾಂಡಿನ ಮಾಲಕ ಇದ್ದಾನಂತೆ, ಅವನೂ ಇಂಥದೇ ಗಾಡಿ ತರುವವನಿದ್ದಾನಂತೆ, ನಮ್ಮ ಡ್ರೈವರ್ ಅವನ ಜೊತೆ ಸಂತೆಯಲ್ಲಿ ಚಹಾ ಕುಡಿಯುತ್ತಿದ್ದದ್ದನ್ನು ಯಾರೋ ನೋಡಿದ್ದಾರಂತೆ. ಗಾಡಿಯ ಕೀ ಇರುವುದು ಡ್ರೈವರ್ ಹತ್ತಿರ ಮಾತ್ರ. ಬರುವ ಐತವಾರ, ಅಂದರೆ ಭಾನುವಾರ, ಉಗಾರದಲ್ಲೇ ಒಂದು ದೊಡ್ಡ ಮದುವೆ.

"ಅಷ್ಟರಾಗ ನನಗ ತಿಳೀಬೇಕ್ರಿ. ಅವನ ಕೈಚಳಕ ಇದ್ರ ಮನಿ ಬಿಡಸ್ತೀನಿ. ಅಷ್ಟ ಅಲ್ಲ, ಈ ಕಡೆ ಯಾಂವನೂ ಅವನ ಕೈಗೆ ಕೀ ಕೊಡಬಾರದು, ಹಂಗ ಮಾಡತೀನಿ."

ಹಾಗೆ ಮಾಡುವ ತಾಕತ್ತು ಅವನಿಗಿತ್ತು. ಈ ಸೀಮೆಯ ಗಾಡಿ ಮಾಲಕರೆಲ್ಲ ಅವನ ಮಂಟಪದಲ್ಲೇ ಉಂಡವರು. ಆ ವಯಸ್ಸಿನಲ್ಲಿ ದ್ರೋಹಿ ಅನ್ನಿಸಿಕೊಂಡು ಹೊರಬಿದ್ದರೆ ಡ್ರೈವರ್‌ಗೆ ಇನ್ನು ಯಾರೂ ಕೆಲಸ ಕೊಡುತ್ತಿರಲಿಲ್ಲ. ಗಾಡಿ ರಿಪೇರಿಗೆ ಕೂತ ನಾನು ಪಂಚಾಯ್ತಿಗೆ ಕೂತಂತಾಯಿತು. ನನಗೆ ಅದು ಒಂಚೂರೂ ಸೇರಲಿಲ್ಲ.

ಕೆಲಸ ಶುರು ಮಾಡಿದೆ. ಸಾಹುಕಾರ ಎದುರಿಗೆ ಕುರ್ಚಿ ಹಾಕಿಕೊಂಡು ಕೂತ. ನಾನು ಒಂದೊಂದು ಸಾಮಾನು ಬಿಚ್ಚಿದಾಗಲೂ ಮೊಬೈಲಿನಲ್ಲಿ ಅದರ ಫೋಟೋ ಹೊಡೆದುಕೊಂಡ.

"ಅದ್ಯಾಕ್ರಿ ಫೋಟೋ?"

"ಹಂಗ ಸುಮ್ನ ನೆನಪಿಗೆ."

ನೆನಪಿಗಂತೆ! ಬಿಚ್ಚಿದ ರಿಲೇ ನಾನು ಬದಲು ಮಾಡಿಬಿಟ್ಟೇನು ಎಂಬ ಅನುಮಾನ ಅವನಿಗೆ. ಒಳಗೊಳಗೇ ಸಿಟ್ಟು ಬಂತು, ಆದರೆ ಅದನ್ನು ನುಂಗಿದೆ. ಅನುಮಾನದ ಮನುಷ್ಯನಿಗೆ ಅನುಮಾನದ ಮನುಷ್ಯನೇ ಗಂಟುಬಿದ್ದಿದ್ದ.

ಈ ಟಾಪು ನಡೆಯುವ ಬಗೆಯನ್ನು ಇಲ್ಲಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಡಿಕ್ಕಿಯ ಎಡಗಡೆ ಒಂದು ಮೋಟರು. ಅದು ಎಣ್ಣೆಯನ್ನು ಒತ್ತಿ ಟಾಪಿನ ತೋಳುಗಳನ್ನು ಎಬ್ಬಿಸುತ್ತದೆ, ಇಳಿಸುತ್ತದೆ. ಬಟನ್ ಒತ್ತಿದರೆ ಮೊದಲು ಗಾಜುಗಳು ಇಳಿಯಬೇಕು, ಆಮೇಲೆ ಹಿಂದಿನ ಮುಚ್ಚಳ ಏಳಬೇಕು, ಆಮೇಲೆ ಟಾಪ್ ಮಡಚಿಕೊಂಡು ಮುಚ್ಚಳದ ಕೆಳಗಿನ ಹಳ್ಳದೊಳಗೆ ಕೂರಬೇಕು, ಕಡೆಗೆ ಮುಚ್ಚಳ ಮುಚ್ಚಬೇಕು. ಪ್ರತಿಯೊಂದು ಹಂತಕ್ಕೂ ಹೆಬ್ಬೆರಳಿನ ಉಗುರಿನಷ್ಟು ಒಂದು ಸ್ವಿಚ್ಚು. ಈ ಕೆಲಸ ಮುಗಿಯಿತು ಎಂದು ಆ ಸ್ವಿಚ್ಚು ಕಂಟ್ರೋಲ್ ಬಾಕ್ಸಿಗೆ ಸುದ್ದಿ ಮುಟ್ಟಿಸಬೇಕು. ಸುದ್ದಿ ಬರದಿದ್ದರೆ ಬಾಕ್ಸು ಮುಂದಕ್ಕೆ ಹೆಜ್ಜೆ ಇಡುವುದಿಲ್ಲ. ಮುಚ್ಚಳ ಏಳದೆ ಟಾಪ್ ಮಡಚಿದರೆ ಬಟ್ಟೆ ಹರಿದು ಚಿಂದಿಯಾಗುತ್ತದಲ್ಲ, ಅದಕ್ಕೇ ಅದಕ್ಕೂ ಅಷ್ಟು ಅನುಮಾನ.

ಮೊದಲು ಬ್ಯಾಟರಿ ನೋಡಿದೆ. ಬ್ಯಾಂಡಿನ ಲೈಟಿನ ಸರವನ್ನು ಇದೇ ಬ್ಯಾಟರಿಗೆ ಸಿಕ್ಕಿಸಿ ವೋಲ್ಟೇಜ್ ಕುಸಿಯುತ್ತಿರಬೇಕು ಎಂದುಕೊಂಡಿದ್ದೆ. ಮೋಟರ್ ತಿರುಗುವಾಗಲೂ ವೋಲ್ಟೇಜ್ ಜಗ್ಗಲಿಲ್ಲ. ಅರ್ಥಿಂಗ್ ಬೋಲ್ಟುಗಳನ್ನು ಬಿಚ್ಚಿ ಕೆರೆದು ಕಟ್ಟಿದೆ, ಅವೂ ಸ್ವಚ್ಛ. ಮೋಟರಿನ ಎರಡು ರಿಲೇಗಳನ್ನು ಅದಲು ಬದಲು ಮಾಡಿದೆ, ವ್ಯತ್ಯಾಸ ಇಲ್ಲ. ಡಿಕ್ಕಿಯ ಕೀಲಿನ ಹತ್ತಿರ ವೈರಿನ ಕಟ್ಟು ಮಡಚಿ ಮಡಚಿ ಒಳಗೇ ಕಡಿದಿರುತ್ತದೆ, ಇಂಥ ಗಾಡಿಗಳ ಮಾಮೂಲಿ ರೋಗ ಅದು. ಕಟ್ಟನ್ನು ಕೈಯಲ್ಲಿ ಹಿಡಿದು ತಿರುಚುತ್ತ, ಎಳೆಯುತ್ತ ಟಾಪನ್ನು ಏಳಿಸಿದೆ, ಇಳಿಸಿದೆ. ಮಗುವಿನ ಹಾಗೆ ಹೇಳಿದ ಮಾತು ಕೇಳಿತು. ಸ್ಕ್ಯಾನರ್ ಹಚ್ಚಿದರೆ ಹಿಂದಿನ ಮುಚ್ಚಳದ ಸುದ್ದಿ ಬರುತ್ತಿಲ್ಲ ಎಂಬ ಹಳೆಯ ದೂರು ಕಂಡಿತು. ಅದು ಸ್ವಿಚ್ಚಿನ ತಪ್ಪೋ, ವೈರಿನದೋ, ಬಾಕ್ಸಿನದೋ ಎಂದು ಸ್ಕ್ಯಾನರ್ ಹೇಳುವುದಿಲ್ಲ. ಕೊಲ್ಲಾಪುರದವರು ಸುಲಭದ್ದನ್ನು ಆರಿಸಿಕೊಂಡಿದ್ದರು.

ಮುಚ್ಚಳದ ಸ್ವಿಚ್ಚು ಟಾಪ್ ಅಡಗುವ ಹಳ್ಳದ ಎಡಗಡೆ ಮೂಲೆಯಲ್ಲಿ, ಅಸ್ತರದ ಹಿಂದೆ. ಅಸ್ತರ ಹಿಡಿದ ಕ್ಲಿಪ್ಪುಗಳನ್ನು ಕೀಳಹೋದರೆ ಒಂದು ಕ್ಲಿಪ್ಪು ತಿರುವುಮುರುವು ಕೂತಿತ್ತು. ಕಂಪನಿಯಲ್ಲಿ ಹಾಗೆ ಕೂರಿಸುವುದಿಲ್ಲ. ಪಕ್ಕದ ಕ್ಲಿಪ್ಪಿನ ತಲೆಯ ಮೇಲೆ ಸ್ಕ್ರೂಡ್ರೈವರ್‌ನ ಗೀರು, ಅದೂ ಹೊಸದು.

"ಇಲ್ಲಿ ಯಾರೋ ಬಿಚ್ಚ್ಯಾರ. ಕೊಲ್ಲಾಪುರದವರು ಬಿಚ್ಚಿದ್ರೇನ್ರಿ?" ಎಂದೆ.

"ಅವ್ರು ಡಿಕ್ಕಿ ಬಿಟ್ಟು ಈ ಕಡೆ ಕೈ ಸೈತ ಹಚ್ಚಿಲ್ಲ. ನಾ ಅಲ್ಲೇ ಕುಂತಿದ್ದೆ."

ಕೂತೇ ಇರುತ್ತಾನೆ, ಫೋಟೋ ಹೊಡೆಯುತ್ತ. ಅದರಲ್ಲಿ ನನಗೆ ಅನುಮಾನ ಇರಲಿಲ್ಲ.

ಒಳಗೆ ಕೈ ಬಿಟ್ಟೆ. ಸ್ವಿಚ್ಚಿನ ಪುಟ್ಟ ನಾಲಿಗೆ ಬೆರಳಿಗೆ ಸಿಕ್ಕಿತು. ಒತ್ತಿದರೆ ಟಿಕ್, ಬಿಟ್ಟರೆ ಟಿಕ್. ಮೀಟರಿನಲ್ಲೂ ಪಕ್ಕಾ. ಅದರ ಕೆಳಗೆ ಮೆತ್ತಗೆ ಬಟ್ಟೆಯಂಥದ್ದು ತಾಗಿತು. ವೈರು ಗಡಗಡ ಎನ್ನದಿರಲೆಂದು ಕಂಪನಿಯವರು ಬಟ್ಟೆ ಸುತ್ತಿರುತ್ತಾರೆ, ಅದೇ ಇದು ಎಂದುಕೊಂಡೆ. ಕೈ ಹೊರಗೆ ತೆಗೆದರೆ ಬೆರಳ ತುದಿ ಹಳದಿ. ಅದನ್ನೂ ಒರೆಸಿಕೊಂಡು ಬಿಟ್ಟೆ. ನಮ್ಮ ಕಡೆ ಮೆರವಣಿಗೆಯಲ್ಲಿ ಮುಷ್ಟಿಗಟ್ಟಲೆ ಭಂಡಾರ ತೂರುತ್ತಾರೆ, ಅಂದರೆ ದೇವರ ಅರಿಶಿನದ ಪುಡಿ. ಆ ಗಾಡಿಯ ಸೀಟು, ಮ್ಯಾಟು, ಸ್ಪೀಕರಿನ ಜಾಳಿಗೆ ಎಲ್ಲ ಹಳದಿ ಹಳದಿಯಾಗಿದ್ದವು. ಮದುವೆಗೆ ಓಡುವ ಗಾಡಿಯಲ್ಲಿ ಭಂಡಾರ ಇಲ್ಲದಿದ್ದರೆ ಅನುಮಾನ ಪಡಬೇಕು, ಇದ್ದರೆ ಏಕೆ ಪಡಬೇಕು?

ನಾನು ಇನ್ನೂ ಮೂಲೆಗೆ ಟಾರ್ಚು ಬಿಡಬೇಕು ಎನ್ನುವಷ್ಟರಲ್ಲಿ ಸಾಹುಕಾರ ಕುರ್ಚಿ ಬಿಟ್ಟು ಎದ್ದಿದ್ದ.

"ಏ, ಬಾ ಇಲ್ಲೆ!"

ಕಾಕಾ ಎನ್ನಲಿಲ್ಲ. ಡ್ರೈವರ್ ಬಂದ.

"ಈ ಅಸ್ತರ ಯಾರು ಬಿಚ್ಚಿದ್ರಲೇ?"

ಡ್ರೈವರ್ ಒಮ್ಮೆ ಅವನ ಮುಖ ನೋಡಿದ. ಆ 'ಲೇ' ಅವನಿಗೆ ಎಲ್ಲಿ ತಾಗಿತೋ, ತಲೆಗೆ ಸುತ್ತಿದ್ದ ಟವೆಲ್ಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಸಾಹುಕಾರ ದಡದಡ ಹೋಗಿ ಪಕ್ಕದ ಪೂಜೆ ಸಾಮಾನಿನ ಅಂಗಡಿಯಿಂದ ಕಾಗದದಲ್ಲಿ ಭಂಡಾರ ಕಟ್ಟಿಸಿಕೊಂಡು ಬಂದ. ಆ ಗಾಡಿ ತಂದ ದಿನ ಯಾರೋ ಅದಕ್ಕೆ ಕಟ್ಟಿದ್ದ ಲಿಂಬೆಹಣ್ಣು ಮೆಣಸಿನಕಾಯಿಯನ್ನು, ಇದು ಫಾರೀನ್ ಗಾಡಿ, ಟ್ರ್ಯಾಕ್ಟರ್ ಅಲ್ಲ ಎಂದು ಕಿತ್ತು ಬಿಸಾಕಿದ ಮನುಷ್ಯ ಅವನು. ಅದನ್ನು ಜಂಬದಿಂದ ನನಗೆ ತಾನೇ ಹೇಳಿದ್ದ. ಈಗ ಅದೇ ಮನುಷ್ಯನಿಗೆ ಭಂಡಾರ ಬೇಕಾಗಿತ್ತು.

"ಎತ್ತು. ಈ ಗಾಡಿ ಒಳಗ ನಾ ಕೈ ಹಾಕಿಲ್ಲ ಅಂತ ಭಂಡಾರ ಎತ್ತು. ಇಲ್ಲೇ ಮುಗಸೂಣು."

ಕುರಿಯವರ ಮನೆಯಲ್ಲಿ ಭಂಡಾರ ಎತ್ತುವುದೆಂದರೆ ಆಟ ಅಲ್ಲ. ಅದನ್ನು ಕೈಯಲ್ಲಿ ಹಿಡಿದು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳುವ ದಾರಿ ಇಲ್ಲ. ಆಡಿದವನೂ ತೆಗೆಯುವಂತಿಲ್ಲ, ಆಡಿಸಿದವನೂ ತೆಗೆಯುವಂತಿಲ್ಲ. ಡ್ರೈವರ್ ಕಾಗದವನ್ನು ನೋಡುತ್ತ ನಿಂತ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಗಾಡಿ ನಾ ಕೆಡಸಿಲ್ರಿ, ಸಾವಕಾರ್ರ. ಆದ್ರ ನೀವು ಅಂದ ಆ ಮಾತಿಗೆ ನಾ ಭಂಡಾರ ಎತ್ತೂದಿಲ್ಲ."

"ಯಾಕ?"

"ಎತ್ತೂದಿಲ್ರಿ."

"ನೋಡಿದ್ರ್ಯಾ ಮಿಸ್ತ್ರಿ?" ಎಂದು ಸಾಹುಕಾರ ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ. "ಸಣ್ಣಾಂವ ಇದ್ದಾಗ ಇಂವನ ಹೆಗಲ ಮ್ಯಾಲ ಕುಂತ ಸಾಲಿಗೆ ಹೋಗೇನ್ರಿ ನಾ."

ಗಾಡಿಯನ್ನು ನನ್ನ ಹತ್ತಿರವೇ ಬಿಟ್ಟು, ಡ್ರೈವರ್‌ನ ಕೈಯಿಂದ ಕೀ ಇಸಿದುಕೊಂಡು ನನಗೆ ಕೊಟ್ಟು, ಸಾಹುಕಾರ ಬಸ್ಸಿಗೆ ಹೋದ. ಡ್ರೈವರ್ ಇನ್ನೊಂದು ಬಸ್ಸಿಗೆ ಹೋದ.

ಆ ದಿನ ನನಗೆ ಊಟ ರುಚಿಸಲಿಲ್ಲ. ಕ್ಲಿಪ್ಪಿನ ಮಾತು ಬಾಯಿಂದ ಬಿಟ್ಟವನು ನಾನೇ. ಹಾಗೆಂದು ಡ್ರೈವರ್ ಮೇಲೆ ನನಗೆ ಅನುಮಾನ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಒಳಗೆಲ್ಲೋ ಒಂದು ಕಳ್ಳ ಸ್ವಿಚ್ಚು ಕೂರಿಸಿಟ್ಟಿದ್ದಾನೆ, ಬೇಕೆಂದಾಗ ಮುಚ್ಚಳದ ವೈರನ್ನು ಕಡಿಯುತ್ತಾನೆ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಮುಚ್ಚಳದಿಂದ ಬಾಕ್ಸಿನ ತನಕ ಆ ವೈರನ್ನು ಗೇಣು ಗೇಣು ಮುಟ್ಟಿ ನೋಡಿದೆ. ಎಲ್ಲೂ ಟೇಪು ಬಿಚ್ಚಿರಲಿಲ್ಲ, ಎಲ್ಲೂ ಜೋಡಣೆ ಇರಲಿಲ್ಲ. ಕಳ್ಳ ಸ್ವಿಚ್ಚು ಸಿಗಲಿಲ್ಲ, ಅನುಮಾನವೂ ಹೋಗಲಿಲ್ಲ. ಆದರೆ 'ಆ ಮಾತಿಗೆ' ಎಂದನಲ್ಲ, ಅದು ಕಿವಿಯಲ್ಲೇ ಉಳಿಯಿತು. ಕೆಡಿಸಿಲ್ಲ ಎನ್ನಲು ಅವನು ತಡವರಿಸಿರಲಿಲ್ಲ. ಕೈ ಹಾಕಿಲ್ಲ ಎನ್ನಲು ಮಾತ್ರ ಒಪ್ಪಿರಲಿಲ್ಲ. ಅವೆರಡೂ ಬೇರೆ ಬೇರೆ.

ಮರುದಿನವೂ ಗಾಡಿ ನನ್ನ ಮುಂದೆ ಕೆಡಲಿಲ್ಲ. ಟಾಪ್ ತೆರೆದೆ, ಮುಚ್ಚಿದೆ, ತೆರೆದೆ. ನಾಯಿ ಕೂಡ ನೋಡಿ ನೋಡಿ ಬೇಸತ್ತು ಎದ್ದುಹೋಯಿತು. ಆಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಲೇ ಶಾಣ್ಯಾ, ಗಾಡಿ ಕೆಡುವುದು ಮದುವೆಯ ದಿನ, ನೀನು ನೋಡುತ್ತಿರುವುದು ಮದುವೆ ಇಲ್ಲದ ದಿನ. ಮದುವೆಯ ದಿನ ಈ ಗಾಡಿಗೆ ಆಗುವುದೇನು, ಬೇರೆ ದಿನ ಆಗದಿರುವುದೇನು? ಹೂವು ಕಟ್ಟುತ್ತಾರೆ, ಮಂದಿ ಹತ್ತುತ್ತಾರೆ. ಆದರೆ ಕೆಟ್ಟದ್ದು ಮಂದಿ ಹತ್ತುವ ಮುಂಚೆ. ಅದಕ್ಕೂ ಮುಂಚೆ? ಸಾಹುಕಾರನಿಗೆ ಫೋನು ಹಚ್ಚಿದೆ.

"ಮದುವಿ ದಿನ ಮುಂಜಾನೆ ಗಾಡಿ ಏನೇನ ಮಾಡತೀರಿ, ಒಂದೂ ಬಿಡದ ಹೇಳ್ರಿ."

"ಏನ ಮಾಡತೀವ್ರಿ, ತೊಳೀತೀವಿ, ಹೂವಾ ಕಟ್ಟತೀವಿ, ಹೋಗತೀವಿ."

"ಯಾರ ತೊಳೀತಾರ?"

"ಮತ್ತ ಯಾರು, ಅಂವನ. ನೋಡ್ರಿ, ನಾ ಹೇಳಿಲ್ಲೇನು, ಮುಂಜಾನೆ ಅಂವ ಒಬ್ಬನ ಇರತಾನ ಗಾಡಿ ಜೋಡಿ!"

ಗಾಡಿ ಕೊಂಡದ್ದು ದೀಪಾವಳಿಗೆ. ಅದು ಮಳೆ ಕಂಡಿಲ್ಲ. ಉಳಿದ ದಿನ ಹೊದಿಕೆ ಹಾಕಿಕೊಂಡು ಶೆಡ್ಡಿನಲ್ಲಿ ನಿಂತಿರುತ್ತದೆ. ನನ್ನ ಅಂಗಡಿಗೆ ಬಂದದ್ದೂ ಧೂಳಿನಲ್ಲಿ, ಬಿಸಿಲಿನಲ್ಲಿ. ಅದರ ಮೈಗೆ ನೀರು ಬೀಳುವುದು ಮದುವೆಯ ದಿನ ಮಾತ್ರ. ಆಗ ನಿರ್ಧಾರ ಮಾಡಿದೆ: ಇನ್ನು ನನ್ನ ಅಂಗಡಿಯಲ್ಲಿ ಕೂತು ಹುಡುಕುವುದಿಲ್ಲ. ಅವರ ಅಂಗಳದಲ್ಲೇ, ಅದೇ ನೀರಿನಲ್ಲಿ, ಅದೇ ಮನುಷ್ಯನ ಕೈಯಲ್ಲಿ ಗಾಡಿ ತೊಳೆಸಿ ನೋಡುತ್ತೇನೆ. ಸಾಹುಕಾರ ಬೇಡವೇ ಬೇಡ ಎಂದ, ಅವನ ಕೈಗೆ ಮತ್ತೆ ಗಾಡಿ ಕೊಡುವುದೇ ಎಂದ. ಕೊಡದಿದ್ದರೆ ಗಾಡಿ ತಗೊಂಡು ಹೋಗ್ರಿ, ನನಗೂ ಬೇರೆ ಕೆಲಸ ಐತಿ ಎಂದೆ.

ಅದರ ಮರುದಿನ ಮುಂಜಾನೆ ಏಕಸಂಬಿಯಲ್ಲಿ ಅವರ ಅಂಗಳಕ್ಕೆ ಗಾಡಿ ತಂದು ನಿಲ್ಲಿಸಿದೆ. ಎಲ್ಲಿ ನಿಲ್ಲಿಸಲಿ ಎಂದು ಕೇಳಿದಾಗ, ಯಾವಾಗಲೂ ನಿಲ್ಲಿಸುವ ಜಾಗವನ್ನು ಡ್ರೈವರ್ ಕೈಯಿಂದ ತೋರಿಸಿದ. ಅಲ್ಲಿ ನೆಲ ಎಡಕ್ಕೆ ಸ್ವಲ್ಪ ವಾಲಿತ್ತು. ಸಾಹುಕಾರನ ಅವ್ವ ಪಡಸಾಲೆಯ ಕಟ್ಟೆಯ ಮೇಲೆ ಕೂತು ಹೀರೇಕಾಯಿ ಹೆರೆಯುತ್ತಿದ್ದಳು. ನಿಪ್ಪಾಣಿಯಲ್ಲಿ ಆದದ್ದು ಅವಳಿಗೆ ಗೊತ್ತಿರಲಿಲ್ಲ. ಮಗ ಹೇಳಿರಲಿಲ್ಲ, ಡ್ರೈವರೂ ಹೇಳಿರಲಿಲ್ಲ. "ಮುಂಜಾನೆದ್ದು ಏನ ನಡಸೀರೋ?" ಎಂದು ಅವಳೇ ಕೂಗಿ ಕೇಳಿದಳು.

ಮುಚ್ಚಳದ ಸ್ವಿಚ್ಚಿನ ವೈರಿಗೆ ಸೂಜಿ ಚುಚ್ಚಿ, ಅಲ್ಲಿಂದ ಉದ್ದ ವೈರು ಎಳೆದು ಸ್ಟೀರಿಂಗಿನ ಮುಂದೆ ಒಂದು ಚಿಕ್ಕ ಬಲ್ಬು ಕೂರಿಸಿದೆ. ಮುಚ್ಚಳ ಪೂರ್ತಿ ಎದ್ದಾಗ ಸ್ವಿಚ್ಚು ಸುದ್ದಿ ಕಳಿಸಿದರೆ ಬಲ್ಬು ಹತ್ತುತ್ತದೆ. ಒಣಗಿದ ಗಾಡಿಯಲ್ಲಿ ಒಮ್ಮೆ ನೋಡಿದೆ: ಮುಚ್ಚಳ ಎದ್ದಿತು, ಬಲ್ಬು ಹತ್ತಿತು, ಟಾಪ್ ಮಡಚಿತು. ಮತ್ತೆ ಮುಚ್ಚಿ, "ತೊಳೀರಿ," ಎಂದೆ. "ಮದುವಿ ದಿನ ಹೆಂಗ ತೊಳೀತೀರಿ, ಹಂಗ."

ಡ್ರೈವರ್ ಪೈಪು ಹಿಡಿದ. ಚೆನ್ನಾಗಿ ತೊಳೆಯುತ್ತಿದ್ದ, ಅದನ್ನು ಹೇಳಲೇಬೇಕು. ಬಟ್ಟೆಯ ಟಾಪಿಗೆ ನೀರು ರಭಸದಿಂದ ಬಿಡದೆ ಬೊಗಸೆಯಲ್ಲಿ ಹಾಕಿ ಕೈಯಿಂದಲೇ ಸವರುತ್ತಿದ್ದ. ನಾನು ಬೀಡಿ ಹಚ್ಚಿಕೊಂಡು ಅವನ ಕೈಯನ್ನೇ ಕಾಯುತ್ತ ಕೂತೆ. ಎಲ್ಲ ಮುಗಿಸಿ, ಹಿಂದೆ ಎಡಗಡೆ ಮೂಲೆಗೆ ಬಂದವನು ಮುಚ್ಚಳದ ಅಂಚನ್ನು ಎರಡು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡ. ಚಟಕ್ಕನೆ ಮಾಡಿದ, ನೋಡಿದವರಿಗೂ ಕಾಣದ ಹಾಗೆ. ನನಗೆ ಕಂಡಿತು. ಸಿಕ್ಕಿಬಿದ್ದ ಮಗ ಎಂದುಕೊಂಡೆ. ಅಲ್ಲೇ ಇದೆ ಅವನ ಕಳ್ಳ ಸ್ವಿಚ್ಚು.

ಸಾಹುಕಾರನನ್ನು ಕರೆದು ಸೀಟಿನಲ್ಲಿ ಕೂರಿಸಿ ಬಟನ್ ಒತ್ತಿಸಿದೆ. ಗಾಜು ಇಳಿದವು. ಮುಚ್ಚಳ ಎದ್ದಿತು, ಪೂರ್ತಿ ಎದ್ದು ನಿಂತಿತು. ಬಲ್ಬು ಹತ್ತಲಿಲ್ಲ. ಟಾಪ್ ಅಲ್ಲಾಡಲಿಲ್ಲ.

"ಇದ! ಇದ ನೋಡ್ರಿ!" ಎಂದು ಸಾಹುಕಾರ ಒಳಗಿಂದಲೇ ಒದರಿದ. "ಇಂವ ಮುಟ್ಟಿದ ಕೂಡ್ಲೆ ಕೆಟ್ಟಿತೋ ಇಲ್ಲೋ?"

"ಗಪ್ ಕುಂದರ್ರಿ. ಬಟನ್ ಬಿಡಬ್ಯಾಡ್ರಿ."

ಅಸ್ತರ ಸರಿಸಿ ಈ ಸಲ ಟಾರ್ಚು ಬಿಟ್ಟೆ. ಹಳ್ಳದ ಮೂಲೆಯಲ್ಲಿ ನೀರು ನಿಂತಿತ್ತು. ನೀರು ಹೊರಗೆ ಹೋಗಲು ಕಂಪನಿಯವರು ಬಿಟ್ಟ ತೂತಿನಲ್ಲಿ ಮದುವೆಯ ಅಕ್ಷತೆಯ ಅಕ್ಕಿ, ಚೆಂಡುಹೂವಿನ ಎಸಳು ಕೂತು ಗಟ್ಟಿಯಾಗಿದ್ದವು. ನೀರಿನ ಬಣ್ಣ ಹಳದಿ. ಅದರ ಮೇಲೆ, ಸ್ವಿಚ್ಚು ಹಿಡಿದ ತಗಡಿನ ಕೆಳಮಗ್ಗುಲಿಗೆ, ದಾರದಲ್ಲಿ ಕಟ್ಟಿದ ಒಂದು ಬಟ್ಟೆಯ ಗಂಟು. ಕಂಪನಿಯವರು ಸುತ್ತಿದ್ದು ಎಂದು ನಾನು ತಿಳಿದುಕೊಂಡಿದ್ದ ಬಟ್ಟೆ ಅದೇ. ಗಂಟು ನೀರು ಕುಡಿದು ದಪ್ಪಗಾಗಿತ್ತು. ಒಳಗಿನ ಭಂಡಾರ ಕೆಸರಿನಂಥ ರೊಜ್ಜೆಯಾಗಿ ಬಟ್ಟೆಯಿಂದ ಹೊರಗೆ ಬಂದು ಸ್ವಿಚ್ಚಿನ ನಾಲಿಗೆಗೆ ಮೆತ್ತಿಕೊಂಡಿತ್ತು. ಮುಚ್ಚಳ ಎದ್ದರೂ ನಾಲಿಗೆ ಒತ್ತಿದಲ್ಲೇ ಅಂಟಿ ಕೂತಿತ್ತು. ಬಿಸಿಲಿಗೆ ಒಣಗಿದರೆ ರೊಜ್ಜೆ ಪುಡಿಯಾಗಿ ಉದುರುತ್ತದೆ, ಸ್ವಿಚ್ಚು ಬಿಡುಗಡೆಯಾಗುತ್ತದೆ, ಮಿಸ್ತ್ರಿಯ ಮುಂದೆ ಗಾಡಿ ಶಾಣ್ಯಾ ಆಗುತ್ತದೆ.

ಉಗುರಿನಿಂದ ನಾಲಿಗೆಯನ್ನು ಎಬ್ಬಿಸಿದೆ. ಟಿಕ್ ಎಂದಿತು. ಮುಂದೆ ಬಲ್ಬು ಹತ್ತಿತು, ಟಾಪ್ ಮಡಚಿಕೊಂಡು ಹಿಂದಕ್ಕೆ ಬರತೊಡಗಿತು. ನಾನು ಕೈ ಎಳೆದುಕೊಂಡೆ.

ಸಾಹುಕಾರ ಇಳಿದು ಬಂದ. ಟಾಪನ್ನು ಮತ್ತೆ ಎಬ್ಬಿಸಿ, ದಾರ ಕತ್ತರಿಸಿ ಗಂಟನ್ನು ಹೊರತೆಗೆದು ಅವನ ಕೈಯಲ್ಲಿಟ್ಟೆ. "ಮನಷ್ಯಾಂದ ಕೈ ಐತ್ರಿ," ಎಂದೆ. "ಆದ್ರ ಕೆಡಸಾಕ ಇಟ್ಟ ಕೈ ಅಲ್ಲ."

ಅವನು ಗಂಟನ್ನು ಹೊರಳಿಸಿ ಹೊರಳಿಸಿ ನೋಡಿದ. ಇಳಕಲ್ ಸೀರೆಯ ಕೆಂಪು ದಡಿಯ ತುಂಡು ಅದು. ನೋಡುತ್ತ ನೋಡುತ್ತ ಅವನ ಕಣ್ಣು ನಿಧಾನವಾಗಿ ಪಡಸಾಲೆಯ ಕಡೆ ಹೋಯಿತು. ಅವ್ವ ಹೀರೇಕಾಯಿ ಬಿಟ್ಟು ಎದ್ದು ಬರುತ್ತಿದ್ದಳು.

"ಅದನ್ಯಾಕ ಬಿಚ್ಚಿದ್ರೋ?" ಎಂದಳು.

"ಅವ್ವಾ, ಇದು ನಿಂದ?"

"ಹೂಂ, ನಂದ. ನಾನ ಕಟ್ಟಿ ಕೊಟ್ಟೀನಿ ಇವಂಗ, ಗಾಡಿ ಬಾಯಿ ತೆರಿಯೂ ಜಾಗಾದಾಗ ಕಟ್ಟು ಅಂತ. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಮಾತ ತಗೊಂಡೀನಿ. ನೀ ಲಿಂಬಿಹಣ್ಣ ಹರದ ಒಗದಿದ್ದಿ, ಇದನ್ನೂ ಒಗೀತಿದ್ದಿ." ಮಗನ ಮುಖ ನೋಡಿ ಅವಳಿಗೆ ಏನೋ ಹೊಳೆಯಿತು. "ಯಾಕ? ಏನಾತು?"

ನಾನೇ ಹೇಳಿದೆ. ದ್ರೋಹ ಹೊರಿಸಿದ್ದು, ಭಂಡಾರ ಎತ್ತು ಅಂದದ್ದು, ಅವನು ಎತ್ತದೆ ನಿಂತದ್ದು, ಕೀ ಕಸಿದದ್ದು, ಎಲ್ಲ. ಯಾರಾದರೂ ಹೇಳಬೇಕಿತ್ತು.

ಅವ್ವ ಕಟ್ಟೆಯ ಅಂಚಿಗೆ ಕೂತುಬಿಟ್ಟಳು. "ಮಂದಿ ಕಣ್ಣ ಬೀಳಬಾರದು ಅಂತ ಕಟ್ಟಿದ್ನಲ್ಲ ಯಪ್ಪಾ, ಮನ್ಯಾಗಿಂದ ಕಣ್ಣ ಬೀಳತೈತಿ ಅಂತ ನನಗೇನ ಗೊತ್ತು," ಎಂದಳು. ಆಮೇಲೆ ಡ್ರೈವರ್ ಕಡೆ ತಿರುಗಿ, "ನೀಯರ ಹೇಳಬಾರದೇನೋ, ಹುಚ್ಚಪ್ಪಾ?"

"ನಿಮಗ ಮಾತ ಕೊಟ್ಟಿದ್ನೆಲ್ರಿ, ಅವ್ವಾರ," ಎಂದ ಡ್ರೈವರ್. "ಕೈ ಹಾಕಿಲ್ಲ ಅಂತ ಹೆಂಗ ಭಂಡಾರ ಎತ್ತಲಿ? ಹಾಕೀನಿ. ಹಾಕೀನಿ ಅಂದ್ರ ನಿಮ್ಮ ಹೆಸರ ಬರತೈತಿ."

ಸಾಹುಕಾರ ಅವನ ಹತ್ತಿರ ಹೋದ. "ಕಾಕಾ, ತಪ್ಪಾತು," ಎಂದ. ಗಾಡಿಯಿಂದ ಕೀ ತೆಗೆದು ಚಾಚಿದ. "ತಗೋ ಕಾಕಾ. ಐತವಾರ ಉಗಾರಕ್ಕ ನೀನ ಹೊಡೀಬೇಕು."

ನನಗೆ ನಿಜಕ್ಕೂ ಹಾಯೆನಿಸಿತು. ಮೂಲೆಯ ತೂತಿನಿಂದ ಅಕ್ಕಿ ಕೆದಕುತ್ತ, ಗಾಡಿಯೂ ಆಯಿತು, ಮನುಷ್ಯರೂ ಆದರು ಎಂದುಕೊಂಡೆ.

ಡ್ರೈವರ್ ಕೀ ತೆಗೆದುಕೊಳ್ಳಲಿಲ್ಲ. ಸಾಹುಕಾರನ ಇನ್ನೊಂದು ಕೈಯಲ್ಲಿದ್ದ ಒದ್ದೆ ಗಂಟನ್ನು ಎತ್ತಿಕೊಂಡು ಬಿಚ್ಚಿದ. ಒಳಗಿನ ಭಂಡಾರವನ್ನು ಎರಡು ಬೆರಳಿನಲ್ಲಿ ತೆಗೆದು ಅಂಗೈಯಲ್ಲಿ ಹಾಕಿಕೊಂಡು ಮುಷ್ಟಿ ಕಟ್ಟಿದ.

"ಅವತ್ತ ಎತ್ತು ಅಂದಿದ್ರಿ. ಇವತ್ತ ಎತ್ತತೀನಿ," ಎಂದ. ದನಿ ಏರಿಸಲಿಲ್ಲ. "ಈ ಮನಿ ಕೆಡಸಬೇಕಂತ ನಾ ಎಂದೂ ಕೈ ಹಾಕಿಲ್ಲ. ಇದೊಂದ ಮಾತು."

"ಸಾಕೋ, ಯಾರ ಕೇಳ್ಯಾರ ಈಗ," ಎಂದಳು ಅವ್ವ.

"ಇವತ್ತಿಂದ ಈ ಮನಿ ಗಾಡಿ ಕೀ ನಾ ಮುಟ್ಟೂದಿಲ್ಲ. ಇದು ಇನ್ನೊಂದ."

"ಬ್ಯಾಡೋ! ಬಾಯಿಂದ ತಗೀಬ್ಯಾಡೋ ಯಪ್ಪಾ!" ಎಂದು ಅವ್ವ ಎದ್ದು ಓಡಿಬಂದು ಅವನ ಮುಷ್ಟಿ ಹಿಡಿದುಕೊಂಡಳು. ಅಷ್ಟರಲ್ಲಿ ಅವನು ಆಡಿಯಾಗಿತ್ತು. ಭಂಡಾರವನ್ನು ಹಣೆಗೆ ಹಚ್ಚಿಕೊಂಡು, ಅವಳ ಕಾಲು ಮುಟ್ಟಿ, ಪೈಪನ್ನು ಸುತ್ತಿ ಗೋಡೆಯ ಮೊಳೆಗೆ ಹಾಕಿ ಹಿತ್ತಲಿಗೆ ಹೋದ. ಸಾಹುಕಾರ ಕೀ ಚಾಚಿದ ಕೈಯನ್ನು ಎಷ್ಟೋ ಹೊತ್ತು ಹಾಗೇ ಹಿಡಿದು ನಿಂತಿದ್ದ. ನಾನು ಸ್ವಿಚ್ಚು ಬಿಚ್ಚಿ, ತೊಳೆದು, ಒಣಗಿಸಿ, ಅದರ ಮೇಲೆ ರಬ್ಬರಿನ ಟೊಪ್ಪಿಗೆ ಕೂರಿಸಿ ತಿರುಗಿ ಕಟ್ಟಿದೆ. ಆ ಅಂಗಳದಲ್ಲಿ ನಾನು ರಿಪೇರಿ ಮಾಡಬಹುದಾಗಿದ್ದದ್ದು ಅಷ್ಟೇ.

ಐತವಾರ ಉಗಾರದ ಮೆರವಣಿಗೆಯಲ್ಲಿ ಟಾಪ್ ಹೂವಿನ ಹಾಗೆ ತೆರೆಯಿತಂತೆ. ಗಾಡಿ ಹೊಡೆದದ್ದು ಸಾಹುಕಾರನೇ.

ಎಷ್ಟೋ ದಿನದ ಮೇಲೆ ಡ್ರೈವರ್ ನನ್ನ ಅಂಗಡಿಗೆ ಬಂದ. ಚಿಕ್ಕೋಡಿಯ ಒಂದು ಶಾಲೆಯ ವ್ಯಾನಿನಲ್ಲಿ, ಹಾರ್ನು ಕೆಟ್ಟಿದೆ ಎಂದು. ಹಾರ್ನು ಹಾಕಿಕೊಟ್ಟೆ, ಚಹಾ ತರಿಸಿದೆ. ಏಕಸಂಬಿಯ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ವ್ಯಾನು ಹತ್ತಿ ಇಂಜಿನ್ ಚಾಲೂ ಮಾಡಿದವನು ಮತ್ತೆ ಬಂದ್ ಮಾಡಿ ಕಿಟಕಿಯಿಂದ ತಲೆ ಹೊರಹಾಕಿದ.

"ಮಿಸ್ತ್ರಿ, ಸಾವಕಾರ್ರಿಗೆ ಒಂದ ಹೇಳ್ರಿ. ತೊಳದ ಮ್ಯಾಲ ಹಿಂದಿನ ಎಡಕಿನ ಮೂಲಿ ವರಸಾಕ ಬೇಕು. ಅಂಗಳ ಆ ಕಡೆ ವಾಲೈತಿ, ಅಲ್ಲೇ ನೀರ ನಿಂದರತೈತಿ."

ಅವನು ಹೋದ ಮೇಲೆ ಸಾಹುಕಾರನಿಗೆ ಫೋನು ಹಚ್ಚಿ ಅಷ್ಟನ್ನೂ ಹೇಳಿದೆ. ಲೈನು ಕಡಿಯಿತೇನೋ ಎಂದು ನಾನು ಹಲೋ ಎಂದೆ.

"ಅದೀನ್ರಿ," ಎಂದ. ಆಮೇಲೆ, "ಕಾಕಾ ಮತ್ತೇನರ ಅಂದ್ರೇನ್ರಿ?"

"ಇಲ್ರಿ," ಎಂದೆ. "ಇಷ್ಟ."